ಹದಿನಾಲ್ಕು ಸಾವು ಮುಚ್ಚಿಟ್ಟವಳು

ಸತ್ತವರಿಂದ ನನಗೆ ಈವರೆಗೆ ಒಂದು ದಿನವೂ ತ್ರಾಸಾಗಿಲ್ಲ. ತ್ರಾಸೆಲ್ಲ ಅವರ ಲೆಕ್ಕ ಕೇಳಲು ಬರುವ ಬದುಕಿದವರದು. ಸುರಪುರದಲ್ಲಿ ಕೂತು ತಾಲೂಕಿನ ಜನನ-ಮರಣದ ರಜಿಸ್ಟರು ನೋಡಿಕೊಳ್ಳುವವಳು ನಾನು. ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಯಾರನ್ನೂ ದಿನಕ್ಕೆ ಮೊದಲು ಸಾಯಿಸಿಲ್ಲ, ಸತ್ತವರನ್ನು ಬದುಕಿಸಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ.

ಒಂದು ದಿನ ಹಿಂದಕ್ಕೆ

ಕಕ್ಕೇರಾದಿಂದ ಒಬ್ಬ ರೈತ ಅಪ್ಪನ ಸಾವು ಬರೆಸಲು ಬಂದಿದ್ದ. ತಾರೀಖು ಕೇಳಿದೆ, ಹೇಳಿದ. ಬರೆಯಲು ಹೋದರೆ ತಡೆದ. ಅಪ್ಪ ಹೋದ ದಿನದ ನಕ್ಷತ್ರ ಚಲೋ ಇಲ್ಲವಂತೆ. ಹಾಗಾಗಿ ಮನೆಗೆ ಕೀಲಿ ಹಾಕಿ ಆರು ತಿಂಗಳು ಎಲ್ಲರೂ ಹೊರಗಿರಬೇಕು ಅಂತ ಐನೋರು ಹೇಳಿದ್ದಾರಂತೆ. ನಾನು ಒಂದು ದಿನ ಹಿಂದಕ್ಕೆ ಬರೆದುಕೊಟ್ಟರೆ ಆ ಕಾಗದವನ್ನೇ ಒಯ್ದು ಐನೋರಿಗೆ ತೋರಿಸುತ್ತಾನಂತೆ. ಸರ್ಕಾರದ ಸಿಕ್ಕಾ ಬಿದ್ದ ಮೇಲೆ ನಕ್ಷತ್ರದ ಆಟ ನಡೆಯುವುದಿಲ್ಲ ಅನ್ನುವುದು ಅವನ ಧೈರ್ಯ.

ಒಂದು ದಿನವಲ್ಲ, ಒಂದು ತಾಸೂ ಸರಿಸುವುದಿಲ್ಲ ಅಂದೆ. ಅವನು ಸಿಟ್ಟಾಗಲಿಲ್ಲ. ಸಾವಕಾಶ ಎದ್ದು ಧೋತರ ಕೊಡವಿಕೊಂಡ.

"ಆಯ್ತು ಬಿಡ್ರಿ ಅಕ್ಕೋರ. ನಿಮ್ಮ ಮನ್ಯಾಗ ಎರಡು ಖೋಲಿ ಖಾಲಿ ಅದಾವೇನು?"

ಟಿಕೀಟು

ತಾರೀಖನ್ನೇ ಸರಿಸದ ನನ್ನ ಮೇಲೆ ಸಾವು ಮುಚ್ಚಿಟ್ಟ ಆರೋಪ ಬಂತು ನೋಡಿ. ಯಾದಗಿರಿಯಲ್ಲಿ ಮೊಬೈಲಿನೊಳಗೇ ಸುದ್ದಿ ನಡೆಸುವ ಒಬ್ಬ ಮಹಾಶಯ ನಮ್ಮ ತಾಲೂಕಿನ ಮರಣದ ಪಟ್ಟಿ ತೆಗೆದುಕೊಂಡು, ಅದರ ಮೇಲೆ ಕೆಂಪಕ್ಷರದಲ್ಲಿ 'ಸುಳ್ಳು' ಅಂತ ಮುದ್ರೆ ಒತ್ತಿ ಊರೆಲ್ಲ ಹಂಚಿದ. ಫ್ಯಾಕ್ಟ್‌ಚೆಕ್ ಅಂತ ಅದಕ್ಕೆ ಹೆಸರು. ನಾವು ತೋರಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಜನ ಸತ್ತಿದ್ದಾರೆ, ಅದರಲ್ಲೂ ಒಮ್ಮೆಲೇ ಸತ್ತ ಹದಿನಾಲ್ಕು ಮಂದಿಯನ್ನು ಇಡಿಯಾಗಿ ನುಂಗಿದ್ದಾರೆ ಅನ್ನುವುದು ಅವನ ಶೋಧ.

ಸಂಜೆಯೊಳಗೆ ತಹಸೀಲ್ದಾರ ಸಾಹೇಬರ ನೋಟಿಸು ನನ್ನ ಕೈಗೆ ಬಂತು. ಏಳು ದಿನದಲ್ಲಿ ಉತ್ತರ ಕೊಡಬೇಕು, ಇಲ್ಲವಾದರೆ ಸಸ್ಪೆಂಡು. ರಜಿಸ್ಟರು ಸರಿ ಇದೆ ಅಂತ ನನಗೆ ಗೊತ್ತು, ಅದರ ಚಿಂತೆ ಇರಲಿಲ್ಲ. ಆದರೆ ಓಣಿಯಲ್ಲಿ ನಿತ್ಯ ಮಾತಾಡಿಸುವವರು ಮರುದಿನ ಮುಖ ತಿರುಗಿಸಿದರಲ್ಲ, ಅದು ಬಹಳ ನೋವಾಯಿತು. ನೋವಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನೇರ ಅವನಿಗೇ ಫೋನು ಹಚ್ಚಿದೆ.

ದೇವಾಪುರದಲ್ಲಿ ಮನೆಮನೆ ತಿರುಗಿ ಸತ್ತವರನ್ನು ಎಣಿಸಿದ್ದೇನೆ, ನಿಮ್ಮ ಪಟ್ಟಿಯಲ್ಲಿ ಅಷ್ಟು ಜನ ಇಲ್ಲ ಅಂದ. ಹೆಸರು ಕೇಳಿದೆ. ಅವನು ಹೇಳಿದವರಲ್ಲಿ ಅರ್ಧ ಜನ ನಮ್ಮ ಪಟ್ಟಿಯಲ್ಲಿಯೇ ಇದ್ದರು, ಉಳಿದರ್ಧ ಕಲಬುರಗಿ, ರಾಯಚೂರಿನ ಆಸ್ಪತ್ರೆಗಳಲ್ಲಿ ತೀರಿಕೊಂಡವರು. ಸಾವು ಎಲ್ಲಿ ಆಯಿತೋ ಅಲ್ಲಿಯೇ ಬರೆಯಬೇಕು, ಅದು ಕಾನೂನು ಅಂದೆ. ಅವನಿಗೆ ನಗು ಬಂತು. ದೇವಾಪುರದವರು ಕಲಬುರಗಿ ಲೆಕ್ಕಕ್ಕೆ ಹೇಗೆ ಹೋಗುತ್ತಾರೆ, ಯಾರಿಗೆ ಹೇಳುತ್ತೀರಿ ಅಂತ ಕೇಳಿದ.

"ಬಸ್ಸಿನ ಟಿಕೀಟು ಹತ್ತಿದ ಊರಾಗ ಹರೀತಾರ್ರಿ," ಅಂದೆ. "ಸಾವಿಂದು ಇಳಿದ ಊರಾಗ."

ಮೂರು ಸಲ ಸತ್ತವರು

ಹಾಗಂತ ಅವನು ಸೋಲಲಿಲ್ಲ. ನನ್ನ ಹತ್ತಿರ ಫೋಟೋ ಸಾಕ್ಷಿ ಇದೆ ಅಂದವನೇ ಒಂದರ ಹಿಂದೊಂದು ಕಳಿಸತೊಡಗಿದ. ನೋಡಿದರೆ ಎಲ್ಲ ಶ್ರದ್ಧಾಂಜಲಿ ಫ್ಲೆಕ್ಸುಗಳು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣು ಮುಗಿಯುವುದರೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿರುತ್ತದೆ. ಈತ ಬೈಕಿನ ಮೇಲೆ ತಾಲೂಕು ಸುತ್ತಿ, ಫ್ಲೆಕ್ಸಿಗೊಂದು ಹೆಣದಂತೆ ಎಣಿಸಿಕೊಂಡು ಬಂದಿದ್ದ.

ಅದರಲ್ಲಿ ಒಬ್ಬ ಕಿರಾಣಿ ಅಂಗಡಿಯ ಯಜಮಾನರು ಮೂರು ಕಡೆ ಇದ್ದರು. ಸುರಪುರದ ಅಂಗಡಿ ಮುಂದೆ ಒಂದು, ಹುಟ್ಟಿದ ಹಳ್ಳಿಯಲ್ಲಿ ಒಂದು, ಬೀಗರ ಊರಲ್ಲಿ ಒಂದು. ಮೂರರಲ್ಲೂ ತಲೆಗೆ ಸುತ್ತಿದ ಅದೇ ಪಟಗಾ, ಅದೇ ಮೀಸೆ. ಈತನ ಲೆಕ್ಕದಲ್ಲಿ ಮೂರು ಸಾವು. ಉತ್ತರಕ್ಕೆ ಸಾಕ್ಷಿ ಬೇಕಲ್ಲ ಅಂತ ಯಜಮಾನರ ಮಗನಿಗೆ ಫೋನು ಮಾಡಿ, ನಿಮ್ಮ ತಂದೆಯವರದು ಮೂರು ಫ್ಲೆಕ್ಸು ಹಾಕಿಸಿದ್ದು ಖರೆ ಏನಪ್ಪಾ, ಬರೆದುಕೊಡುತ್ತೀಯಾ ಅಂತ ಕೇಳಿದೆ. ಅವನಿಗೆ ಭಾರಿ ಅವಮಾನವಾಯಿತು.

"ಮೂರಲ್ರಿ ಅಕ್ಕೋರ, ನಾಕು. ಶಹಾಪುರದ್ದು ಗಾಳಿಗೆ ಹರಿದು ಹೋಗ್ಯದ. ಅದನ್ನೂ ಲೆಕ್ಕಕ್ಕ ಹಿಡೀರಿ."

ಹದಿನಾಲ್ಕು

ಏಳನೇ ದಿನ ತಹಸೀಲ್ದಾರರ ಕೋಣೆಯಲ್ಲಿ ಎದುರುಬದುರು ಕೂಡಿಸಿದರು. ದೇವಾಪುರದ ಲೆಕ್ಕ ಬಿದ್ದುಹೋಯಿತು, ಕಿರಾಣಿ ಯಜಮಾನರ ಲೆಕ್ಕವೂ ಬಿತ್ತು. ಉಳಿದದ್ದು ಆ ಹದಿನಾಲ್ಕು ಮಂದಿ. ಏಳು ದಿನ ರಜಿಸ್ಟರು ಹಿಂದೆ ಮುಂದೆ ತಿರುವಿದ್ದೆ, ಎಲ್ಲಿಯೂ ಹದಿನಾಲ್ಕು ಜನ ಒಟ್ಟಿಗೆ ಸತ್ತ ಸುಳಿವಿರಲಿಲ್ಲ. ಹೆಸರು ಕೊಡ್ರಿ ಅಂದರೆ, ಫೋಟೋನೇ ಇದೆ, ಸಾಹೇಬರ ಮುಂದೆಯೇ ಕೊಡುತ್ತೇನೆ ಅಂದಿದ್ದ. ನನ್ನ ನೌಕರಿ ಆ ಒಂದು ಫೋಟೋದ ಮೇಲೆ ನಿಂತಿತ್ತು.

ಆತ ಗಂಭೀರವಾಗಿ ಫೋಟೋ ಟೇಬಲ್ಲಿನ ಮೇಲಿಟ್ಟ. ಅದೂ ಫ್ಲೆಕ್ಸೇ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ನಡುವೆ ಇರಬೇಕಾದ ದೊಡ್ಡ ಫೋಟೋ ಮತ್ತು ಅಕ್ಷರಗಳ ಮೇಲೆ ಯಾರೋ ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿಬಿಟ್ಟಿದ್ದರು. ಕೆಳಗೆ ಎರಡು ಸಾಲಿನಲ್ಲಿ ಹದಿನಾಲ್ಕು ಸಣ್ಣ ಮುಖಗಳು. ಜೀಪು ಪಲ್ಟಿಯೇ ಆಗಿರಬೇಕು, ಇಷ್ಟು ದೊಡ್ಡ ದುರಂತ ಮುಚ್ಚಿಟ್ಟಿದ್ದಾರೆ ಅಂತ ಆತ ಶುರು ಮಾಡಿದ. ಸಾಹೇಬರ ಮುಖ ಇಳಿಯಿತು.

ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಎರಡನೇ ಸಾಲು, ಮೂರನೆಯ ಮುಖ. ಹಾಕಬೇಡ್ರಿ ಅಂತ ನಾನು ಹತ್ತು ಸಲ ಹೇಳಿದ್ದ ಚೌಕಡಿ ಅಂಗಿ. ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಿಸಿದ್ದ ನನ್ನ ಗಂಡ. ಅವರ ಗೆಳೆಯರೊಬ್ಬರು ತೀರಿಕೊಂಡಾಗ ಗೆಳೆಯರ ಬಳಗವೆಲ್ಲ ಸೇರಿ ಹಾಕಿಸಿದ ಫ್ಲೆಕ್ಸು ಅದು. ಸತ್ತವರು ಹುಟ್ಟುಹಬ್ಬದ ಕೆಳಗೆ ಮುಚ್ಚಿಹೋಗಿದ್ದರು. ಈತ ಎಣಿಸಿದ್ದು ದುಃಖಪಟ್ಟವರನ್ನು.

ಏಳು ದಿನದ ಭಾರ ಒಮ್ಮೆಲೇ ಇಳಿದು, ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡೆ. ಆಮೇಲೆ ಗಂಡನಿಗೆ ಫೋನು ಹಚ್ಚಿ, ಇದ್ದಹಾಗೇ ಬರ್ರಿ ಅಂದೆ. ಬಜಾರಿನಲ್ಲಿ ಅವರದು ಟೇಲರ್ ಅಂಗಡಿ. ಕೊರಳಲ್ಲಿ ಅಳತೆಯ ಪಟ್ಟಿ, ಮೈಮೇಲೆ ಅದೇ ಚೌಕಡಿ ಅಂಗಿ, ಹಂಗೇ ಬಂದರು. ಫ್ಯಾಕ್ಟ್‌ಚೆಕ್ಕಿನವ ಅವರನ್ನು ನೋಡಿದ, ಫೋಟೋ ನೋಡಿದ, ಆದರೂ ಪಟ್ಟು ಬಿಡಲಿಲ್ಲ. ಹೋಲುವ ಜನ ಬೇಕಾದಷ್ಟಿರುತ್ತಾರೆ, ಫೋಟೋದಲ್ಲಿರುವವರು ಇವರೇ ಅನ್ನುವುದಕ್ಕೆ ಪುರಾವೆ ಏನು ಅಂದ. ಸಾಹೇಬರಿಗೂ ಕಾಯಿದೆ ಬಿಡುವಂತಿರಲಿಲ್ಲ. ಸಂಕೋಚದಿಂದಲೇ ನನ್ನ ಗಂಡನನ್ನು, ನೀವು ಜೀವಂತ ಇದ್ದೀರಿ ಹೌದಲ್ರೀ ಅಂತ ಕೇಳಿದರು.

ನೋಟಿಸು ಅಂದೇ ವಾಪಸಾಯಿತು, ಮಾರನೆಯ ದಿನ ಆ ಕೆಂಪು ಮುದ್ರೆಯೂ ಹೋಯಿತು. ಅದನ್ನು ಅಳಿಸಿದ್ದು ನನ್ನ ಇಪ್ಪತ್ತೆರಡು ವರ್ಷದ ರಜಿಸ್ಟರಲ್ಲ, ಸಾಹೇಬರ ಆ ಪ್ರಶ್ನೆಗೆ ಬಂದ ಒಂದು ಉತ್ತರ. ಏನೂ ತಿಳಿಯದೆ ಬಂದು ನಿಂತಿದ್ದ ನನ್ನ ಗಂಡ ಒಮ್ಮೆ ಫೋಟೋ ನೋಡಿ, ಒಮ್ಮೆ ನನ್ನ ಮುಖ ನೋಡಿ, ಹೇಳಿದ್ದು ಇಷ್ಟೇ:

"ತಾಲೂಕಿನ್ಯಾಗ ಸತ್ತವ್ರು ಯಾರು, ಇದ್ದವ್ರು ಯಾರು ಅಂತ ಬರಿಯಾಕಿ ಇಲ್ಲೇ ಕುಂತಾಳಲ್ರಿ ಸಾಹೇಬ್ರ. ಅಕಿನ್ನ ಕೇಳೂದು ಬಿಟ್ಟು ನನ್ನ ಯಾಕ ಕೇಳಾಕತ್ತೀರಿ?"