ಬೀರುವಿನೊಳಗಿನ ಸಣ್ಣ ಪದಗಳು

ಒಂದು ಒಗಟು. ಮೂರು ಕಾಲು, ಒಂದು ಬೀಗ, ಬಾಯಿಲ್ಲ. ತೆರೆದರೆ ಊರು ನಡೆಯುತ್ತದೆ, ಮುಚ್ಚಿದರೆ ಊರು ನಿಲ್ಲುತ್ತದೆ. ಏನದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗೋದಿಲ್ಲ. ನಮ್ಮ ಪರವಾನಗಿ ಕಚೇರಿಯ ಬೀರು ಅದು. ನಾಲ್ಕನೇ ಕಾಲಿನ ಜಾಗದಲ್ಲಿ ಇಟ್ಟಿಗೆ ಇದೆ.

ಸದರಿ ಬೀರುವಿನಲ್ಲಿ ಇಂಗ್ಲಿಷಿನ ಸಣ್ಣ ಪದಗಳನ್ನು ಬೀಗ ಹಾಕಿ ಇಡಲಾಗಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಆ್ಯಂಡ್, ಆರ್, ಬಟ್, ಅಂಟಿಲ್, ಆಫ್ಟರ್, ಎಲ್ಲಕ್ಕೂ ಒಂದೊಂದು ರಬ್ಬರ್ ಮೊಹರು. ಕಾರಣವಿದೆ. ಹಿಂದೊಮ್ಮೆ ಪ್ರತಿ ಅಧಿಕಾರಿಗೂ ಮೇಜು ಮತ್ತು ಕುರ್ಚಿ ಕೊಡಬೇಕೆಂದು ಆದೇಶ ಹೊರಡಬೇಕಿತ್ತು. ಟೈಪಿಸ್ಟ್ ಆಕಳಿಸುತ್ತಾ ಆ್ಯಂಡ್ ಬದಲು ಆರ್ ಹೊಡೆದ. ಅಂದಿನಿಂದ ಅರ್ಧ ಜನ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಬರೆಯುತ್ತಾರೆ, ಉಳಿದರ್ಧ ಮೇಜಿನ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಾರೆ. ಆದೇಶ ಅಂದರೆ ಆದೇಶ.

ಉದ್ದುದ್ದ ಪದಗಳು ಬರೀ ಮೆರವಣಿಗೆ, ಲಗಾಮು ಇರೋದು ಸಣ್ಣ ಪದದ ಕೈಯಲ್ಲಿ ಎಂದು ಮೇಲಿನವರಿಗೆ ಆಗ ಮನವರಿಕೆಯಾಯಿತು. ಹೊಸ ನಿಯಮ ಬಂತು: ದೊಡ್ಡ ಪದಗಳನ್ನು ಯಾರು ಬೇಕಾದರೂ ಟೈಪಿಸಬಹುದು, ಸಣ್ಣ ಪದದ ಜಾಗವನ್ನು ಬೆರಳಗಲ ಖಾಲಿ ಬಿಡತಕ್ಕದ್ದು, ಅಲ್ಲಿ ಸಣ್ಣಪದಾಧಿಕಾರಿಗಳೇ ಖುದ್ದಾಗಿ, ಪ್ಯಾಂಟು ಧರಿಸಿ, ಮೊಹರು ಒತ್ತತಕ್ಕದ್ದು.

ಕಚೇರಿಯ ಪಕ್ಕದಲ್ಲೇ ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿ. ಮೆಷಿನ್ ಸದ್ದಿಗೆ ಮಧ್ಯಾಹ್ನದ ಹೊತ್ತು ಕಡತಗಳಿಗೆ ಎಚ್ಚರವಾಗುತ್ತಿದೆ ಎಂಬ ದೂರಿನ ಮೇಲೆ ಅದಕ್ಕೆ ಸೀಲು ಬಿತ್ತು. ತಪಾಸಣೆಯಾಯಿತು, ತಪ್ಪೇನೂ ಸಿಗಲಿಲ್ಲ. ಆದೇಶ ಬಂತು: ಶಾಪ್ ವಿಲ್ ರಿಮೇನ್ ಕ್ಲೋಸ್ಡ್, ಆಮೇಲೆ ಬೆರಳಗಲ ಖಾಲಿ, ಆಮೇಲೆ ಇನ್‌ಸ್ಪೆಕ್ಷನ್.

"ಏನೋ ಇದು? ಅಂಗಡಿ ತೆಗೀಬಹುದಾ?" ಅಂದಳು ಚಿಕ್ಕಮ್ಮ.

"ಖಾಲಿ ಜಾಗಕ್ಕೆ ಅಂಟಿಲ್ ಬಿದ್ದರೆ ತಪಾಸಣೆ ತನಕ ಮಾತ್ರ ಬಂದ್, ಈಗಲೇ ತೆಗಿ. ಆಫ್ಟರ್ ಬಿದ್ದರೆ ತಪಾಸಣೆ ಆದಮೇಲೆ ಬಂದ್. ಮೆಷಿನ್‌ಗೆ ಕೈಮುಗಿ" ಅಂದೆ.

"ಇಷ್ಟಗಲದ ಪದಕ್ಕೆ ನನ್ನ ಒಲೆ ಆರಬೇಕೇನೋ? ನಡಿ, ಆ ಮೊಹರು ಒತ್ತೋ ಮನುಷ್ಯ ಎಲ್ಲಿದಾನೆ ನೋಡೋಣ."

ಮನುಷ್ಯ ಮನೆಯಲ್ಲಿದ್ದ. ಬಾಗಿಲು ತೆಗೆದ ಹೆಂಡತಿ, "ಅವರು ಆಚೆ ಬರೋ ಸ್ಥಿತಿಯಲ್ಲಿಲ್ಲಮ್ಮಾ, ಟವಲ್ಲಲ್ಲಿದಾರೆ" ಅಂದರು.

ವಿಷಯ ಇಷ್ಟೆ. ಬೇಕಾದ ಪದಕ್ಕಾಗಿ ಜನ ತಂದುಕೊಟ್ಟ ಸಿಹಿ ತಿಂದೂ ತಿಂದೂ ಸಾಹೇಬರ ಸೊಂಟ ವಿಸ್ತರಣೆ ಹೊಂದಿತ್ತು. ಇದ್ದಬದ್ದ ಪ್ಯಾಂಟನ್ನೆಲ್ಲ ಬಿಟ್ಟಿಯಾಗಿ ಸಡಿಲ ಮಾಡಿಸಲು ಚಿಕ್ಕಮ್ಮನಿಗೇ ಕೊಟ್ಟಿದ್ದರು. ಅವೆಲ್ಲ ಈಗ ಸೀಲಿನೊಳಗೆ. ಪ್ಯಾಂಟಿಲ್ಲದೆ ಮೊಹರಿಲ್ಲ, ಮೊಹರಿಲ್ಲದೆ ಅಂಗಡಿಯಿಲ್ಲ, ಅಂಗಡಿಯಿಲ್ಲದೆ ಪ್ಯಾಂಟಿಲ್ಲ.

"ಟವಲ್ಲಲ್ಲೇ ಬಂದು ಮೇಜಿನ ಹಿಂದೆ ಕೂತುಬಿಡಿ ಸಾರ್, ಯಾರಿಗೆ ಕಾಣುತ್ತೆ?" ಅಂದೆ.

ಒಳಗಿಂದ ನಿಟ್ಟುಸಿರು ಬಂತು. "ನಂಗೆ ಸಿಕ್ಕಿರೋದು ಮೇಜು ಕಣೋ. ನಾನು ಕೂರೋದು ಅದರ ಮೇಲೆ."

ಕಚೇರಿ ಸುಮ್ಮನೆ ಕೂರಲಿಲ್ಲ. ಸಾಹೇಬರು ಟವಲ್ಲಿನಲ್ಲೇ ಬರಬಹುದೆಂದು ವಿಶೇಷ ಆದೇಶ ತಯಾರಾಯಿತು. ಅದರಲ್ಲಿ ವಿತ್ ಟವಲ್ ಎನ್ನಲು ಒಂದು ವಿತ್ ಬೇಕಿತ್ತು. ಅದು ಬೀರುವಿನಲ್ಲಿತ್ತು. ಕೊನೆಗೆ ಪ್ರಕಟಣೆ: "ಮುಂದಿನ ಆದೇಶದವರೆಗೆ, ಓದುವಾಗ ಖಾಲಿ ಜಾಗ ಬಂದಲ್ಲಿ ಸಾರ್ವಜನಿಕರು ಗೌರವಪೂರ್ವಕವಾಗಿ ಕೆಮ್ಮತಕ್ಕದ್ದು." ಊರು ಕೆಮ್ಮಿತು. ಅಂಗಡಿ ತೆರೆಯಲಿಲ್ಲ.

ಆಗ ಚಿಕ್ಕಮ್ಮ ಕತ್ತರಿ ಹಿಡಿದು ಕಚೇರಿಗೆ ನುಗ್ಗಿದಳು. ಕಿಟಕಿಯ ಹೂವಿನ ಪರದೆ ಕಿತ್ತಳು, ಸಾಹೇಬರ ಖಾಲಿ ಮೇಜಿನ ಮೇಲೆ ಹರಡಿದಳು, ಕೈಹೊಲಿಗೆಯಲ್ಲೇ ಪ್ಯಾಂಟು ಹೊಲಿದಳು. ಅಷ್ಟರಲ್ಲಿ ಗುಮಾಸ್ತರು ಸಾಲು ನಿಂತರು: "ಅಕ್ಕಾ, ಈ ಗುಂಡಿ ಒಂಚೂರು." "ಅಕ್ಕಾ, ನನ್ನ ಜೇಬು." ಎಲ್ಲವೂ ಬಿಟ್ಟಿ.

ಸಾಹೇಬರು ಹೂಗಳೊಂದಿಗೆ ಆಗಮಿಸಿದರು. ಬೀರು ತೆರೆಯಿತು. ಅಂಟಿಲ್ ಕೈಗೆ ಬಂತು. ಚಿಕ್ಕಮ್ಮ ಆದೇಶದ ಹಾಳೆ ಮುಂದೆ ಚಾಚಿದಳು.

"ಸಾರ್, ಒಂದು ನಿಮಿಷ," ಮುಖ್ಯ ಗುಮಾಸ್ತ ಪಿಸುಗುಟ್ಟಿದ. "ಅಂಗಡಿ ತೆರೆದರೆ ಈಯಮ್ಮ ಹೋಗಿಬಿಡ್ತಾರಲ್ಲ?"

ಸಾಹೇಬರು ತಮ್ಮ ಹೊಟ್ಟೆಯ ಭವಿಷ್ಯವನ್ನು ದೀರ್ಘವಾಗಿ ನೋಡಿಕೊಂಡರು. ಅಂಟಿಲ್ ಒಳಗೆ ಹೋಯಿತು, ಆಫ್ಟರ್ ಹೊರಗೆ ಬಂತು. ಠಪ್! ಅಂಗಡಿ ಕಾಯಂ ಬಂದ್. ಚಿಕ್ಕಮ್ಮನಿಗೆ ಕಚೇರಿಯಲ್ಲಿ ಅರ್ಧ ಮೇಜು ಮಂಜೂರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ಕೆಲವರು ಕೆಮ್ಮಿದರು.

ನಿಜ ಹೇಳಲಾ? ಚಿಕ್ಕಮ್ಮ ಕತ್ತರಿ ಹಿಡಿದಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ್ದು. ಅಂಗಡಿಗೆ ಇನ್ನೂ ಸೀಲಿದೆ, ಸಾಹೇಬರು ಇನ್ನೂ ಟವಲ್ಲಲ್ಲಿದ್ದಾರೆ. ಈ ಕೊನೆಯನ್ನು ಮುಖ್ಯ ಗುಮಾಸ್ತನಿಗೆ ತಮಾಷೆಗೆ ಹೇಳಿದೆ. ಅವನು ನಗಲಿಲ್ಲ. ಎದ್ದು ಹೋಗಿ ಕಿಟಕಿಯ ಪರದೆಯ ಅಳತೆ ತೆಗೆದುಕೊಂಡು ಬಂದ.