ಅಂಚಿನ ಹೂವೂ ಪಕ್ಕದ ಮನೆಯಾಕೆಯೂ

ಹೊಟ್ಟೆಕಿಚ್ಚು ಪಡಲು ಚಿನ್ನ, ಜರಿ ಸೀರೆ ಏನಾದರೂ ಬೇಕು ಎಂದು ಜನ ತಿಳಿದಿದ್ದಾರೆ. ನನಗೆ ಗದ್ದೆಯ ಅಂಚಿನಲ್ಲಿ ಬೆಳೆಯುವ ಒಂದು ಪುಟ್ಟ ಹೂ ಸಾಕಾಯಿತು. ಪಕ್ಕದಲ್ಲಿ ಇನ್ನೊಂದು ಮನೆ ಇರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ನನಗೆ ನಡೆದದ್ದು ನಾವು ಸೊರಬದಿಂದ ಶಿಕಾರಿಪುರಕ್ಕೆ ವರ್ಗವಾಗಿ ಬಂದಾಗ. ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ.

ಬಸ್ಸಿನಲ್ಲಿ

ನಮ್ಮವರು ಶೇಕದಾರರು, ಕಂದಾಯದ ಕೆಲಸ. ಮನೆಯ ಸಾಮಾನೆಲ್ಲ ಎತ್ತಿನ ಗಾಡಿಯಲ್ಲಿ ಹೋಯಿತು. ನಾನು ಮಾತ್ರ ಒಂದು ಒಡಕು ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಅದರಲ್ಲಿ ನನ್ನ ತವರು ಹೊಸಬಾಳೆಯ ಗದ್ದೆಯಿಂದ ಮಣ್ಣುಹೆಂಟೆ ಸಮೇತ ಕಿತ್ತು ತಂದ ಗಿಡವಿತ್ತು. ಗೇಣುದ್ದದ ಗಿಡ, ಉಗುರಿನಷ್ಟು ಹೂ, ಸುತ್ತ ಬಿಳಿ ಎಸಳು, ನಡುವೆ ಹಳದಿ ಬೊಟ್ಟು. ಸೇವಂತಿಗೆ ದೊಡ್ಡದಾಗುವುದನ್ನು ಮರೆತರೆ ಹೇಗಿರುತ್ತದೋ ಹಾಗೆ. ಬೇಸಿಗೆಯಲ್ಲಿ ಮೇಲೆಲ್ಲ ಒಣಗುತ್ತದೆ, ಆದರೆ ಬೇರು ಸಾಯುವುದಿಲ್ಲ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಅದಕ್ಕೊಂದು ಹೆಸರು ಅಂತ ಇರಲಿಲ್ಲ, ನಾವು ಅಂಚಿನ ಹೂ ಅನ್ನುತ್ತಿದ್ದೆವು.

ಶಿಕಾರಿಪುರದಲ್ಲಿ ಯಾರ ಮನೆಯಲ್ಲೂ ಇದಿಲ್ಲ ಎಂದು ವಿಚಾರಿಸಿಕೊಂಡೇ ಹೊರಟಿದ್ದೆ. ಆ ಊರಿನ ಹೆಂಗಸರು ನನ್ನ ತುರುಬು ನೋಡಿ "ಇದು ಶೇಕದಾರರ ಮನೆಯ ಹೂ" ಅನ್ನಬೇಕು. ನನ್ನ ಆಸೆ ಅಷ್ಟೇ.

ಶಿರಾಳಕೊಪ್ಪ ದಾಟಿದ ಮೇಲೆ ಕಂಡಕ್ಟರ್ ಮಡಕೆಯೊಳಗೆ ಇಣುಕಿದ.

"ಏನ್ರೀ ಅಕ್ಕಾರ ಇದು?"

"ಹೂವಿನ ಗಿಡ ಕಣಪ್ಪ. ನಮ್ಮ ಸೊರಬದ ಕಡೆಯದು."

ಅವನು ಬಗ್ಗಿ ಆ ಕಡೆ ಈ ಕಡೆಯಿಂದ ನೋಡಿದ. "ಕಳೆ ಅಲ್ಲೇನ್ರೀ? ನಮ್ಮೂರಾಗ ಕಳೆಗೆ ಬರ ಬಂದಿಲ್ರಿ. ಅದನ್ನ ಬಸ್ಸಿನಾಗ ಕುಂದರ್ಸಿಕೊಂಡು ತರಬೇಕಿತ್ತೇನು?"

ಒಳ್ಳೆಯ ದಿನ

ಹೆಂಚಿನ ಮನೆಗಳ ಒಂದು ಸಾಲಿನಲ್ಲಿ ನಮ್ಮ ಬಿಡಾರ. ಪಕ್ಕದ ಮನೆ ಪೋಸ್ಟ್ ಮಾಸ್ತರರದ್ದು. ಅವರ ಹೆಂಡತಿ ಅದೇ ಊರಿನ ಮಗಳು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ದೊಡ್ಡ ಮನಸ್ಸಿನವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂಬುದು ಪಟ್ಟವರಿಗೇ ಗೊತ್ತು.

ಮೊದಲ ಹೂ ಅರಳಿದ ದಿನವೇ ಆಕೆ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದಳು. "ಭಾಳ ಚಂದ ಐತ್ರೀ. ನನಗೊಂದು ಬೇರು ಕೊಡ್ರಿ."

ಮುತ್ತೈದೆ ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನಬಾರದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಇಲ್ಲ ಅನ್ನದೆಯೇ ಕೊಡದಿರುವುದು ಹೇಗೆಂಬುದನ್ನು ನಾನೇ ಕಲಿತೆ.

"ಇವತ್ತು ಮಂಗಳವಾರ ಕಣ್ರೀ, ಮನೆಯಿಂದ ಗಿಡ ಕೊಡಬಾರದು" ಅಂದೆ. ಮಾರನೆಯ ದಿನ ಬಂದಳು. "ಅಯ್ಯೋ, ದೀಪ ಹಚ್ಚಿಬಿಟ್ಟೆನಲ್ಲ" ಅಂದೆ. ಆಮೇಲೆ ಶುಕ್ರವಾರ ಬಂತು. ಅದು ಕಳೆದರೆ ಅಮಾವಾಸ್ಯೆ. ಆಕೆಗೆ ಸಿಟ್ಟೂ ಬರಲಿಲ್ಲ, ಅನುಮಾನವೂ ಬರಲಿಲ್ಲ.

"ಹಂಗಾರ ಯಾವತ್ತು ಕೊಡತೀರ್ರಿ?"

"ಪಂಚಾಂಗ ನೋಡಿ ಹೇಳಬೇಕು. ನಮ್ಮ ಪಂಚಾಂಗ ಇನ್ನೂ ಸಾಮಾನಿನ ಗಂಟಿನಲ್ಲೇ ಇದೆ."

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಪಂಚಾಂಗ ಹಿಡಿದುಕೊಂಡು ನಿಂತಿದ್ದಳು. ಪಕ್ಕದಲ್ಲಿ, ಅದನ್ನು ಓದಿ ಹೇಳಲು, ಜೋಯಿಸರು.

ಹೇಳಿ ಕದ್ದದ್ದು

ಜೋಯಿಸರು ಬೆರಳು ಮಡಚಿ ಬಿಡಿಸಿ, ಅವತ್ತು ಬಹಳ ಒಳ್ಳೆಯ ದಿನ ಎಂದುಬಿಟ್ಟರು. ನನಗೆ ಬೇರೆ ದಾರಿ ಉಳಿಯಲಿಲ್ಲ.

"ದಿನದ ಮಾತಲ್ಲ ಕಣ್ರೀ. ಈ ಗಿಡ ಕೊಟ್ಟರೆ ಹತ್ತೋದಿಲ್ಲ, ಬೇರೇ ಬಿಡೋದಿಲ್ಲ. ಕದ್ದರೆ ಮಾತ್ರ ಹತ್ತೋದು" ಅಂದೆ.

ಕೆಲವು ಗಿಡಗಳ ವಿಷಯದಲ್ಲಿ ಹಾಗೆ ಹೇಳುವುದುಂಟು, ಜೋಯಿಸರೂ ತಲೆಯಾಡಿಸಿದರು. ಪೋಸ್ಟ್ ಮಾಸ್ತರರ ಹೆಂಡತಿ, ಮರ್ಯಾದಸ್ಥ ಮನೆತನ, ಕದಿಯುತ್ತಾಳೆಯೇ? ಗೆದ್ದೆ ಎಂದುಕೊಂಡೆ.

ಮಧ್ಯಾಹ್ನ ಊಟ ಮುಗಿಸಿ ಎಲೆ ಎತ್ತುತ್ತಿದ್ದೆ. ಹಿತ್ತಲಿನಿಂದ ಇಡೀ ಸಾಲಿಗೇ ಕೇಳುವಂತೆ ಕೂಗು ಬಂತು.

"ರೀ, ನಾನು ಕದಿಯಾಕ ಬಂದೀನ್ರಿ. ನೀವು ಹೊರಗ ಬರಬ್ಯಾಡ್ರಿ. ನೋಡಿದ್ರ ಹತ್ತಂಗಿಲ್ಲ."

ನನ್ನ ಮನೆಯಲ್ಲಿ ನಾನೇ ಅಡುಗೆಮನೆಯ ಬಾಗಿಲ ಹಿಂದೆ ಅವಿತು ಕೂತೆ.

"ಕುರ್ಪಿ ಎಲ್ಲಿಟ್ಟೀರ್ರಿ?"

"ಬಚ್ಚಲ ಗೋಡೆ ಮೇಲೆ."

"ಯಾವುದನ್ನ ಕದೀಲಿ? ದೊಡ್ಡದೋ ಸಣ್ಣದೋ?"

"ಸಣ್ಣದು" ಎಂದು ಒಳಗಿಂದಲೇ ಕಿರುಚಿದೆ.

ಅಗೆದದ್ದಾಯಿತು. ಆಮೇಲೆ ಕೈ ತೊಳೆಯಲು ನೀರು ಕೇಳಿದಳು, ಈಗ ನೋಡಬಹುದು ಎಂದು ಅಪ್ಪಣೆ ಕೊಟ್ಟಳು, ಒಳಗೆ ಬಂದು ಕೂತಳು. ಕದ್ದ ಆಯಾಸಕ್ಕೆ ನನ್ನ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದೇ ಹೋದಳು.

ಸತ್ತ ಗಿಡ

ಬೇಸಿಗೆಯಲ್ಲಿ ಎರಡು ಮನೆಯ ಗಿಡವೂ ಒಣಗಿದವು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. "ಸತ್ತು ಹೋತ್ರೀ. ನಾನೇ ಏನೋ ತಪ್ಪು ಮಾಡೀನಿ."

ಬೇರು ಬದುಕಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಪಾಪ, ಹೋಯ್ತು ಬಿಡಿ. ಎಲ್ಲರ ಕೈಗೂ ಎಲ್ಲ ಗಿಡ ಬರೋದಿಲ್ಲ" ಎಂದು ಸಮಾಧಾನ ಹೇಳಿದೆ. ಶಿಕಾರಿಪುರಕ್ಕೆ ಬಂದ ಮೇಲೆ ಅಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ. ಆಕೆ ಗಿಡವನ್ನು ಕಿತ್ತು, ತನ್ನ ಹಿತ್ತಲಲ್ಲಿ ಬಿದ್ದುಹೋಗಿದ್ದ ಗೋಡೆಯ ಕಲ್ಲುಮಣ್ಣಿನ ಗುಡ್ಡೆಯ ಮೇಲೆ ಎಸೆದಳು.

ನಾನು ಇತ್ತ ಸೇವೆಗೆ ನಿಂತೆ. ಸಗಣಿ ನೀರು, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಕ್ಕಳಿಗೆ ಮಾಡುವ ಉಪಚಾರವನ್ನೆಲ್ಲ ಅದಕ್ಕೆ ಮಾಡಿದೆ. ಮಳೆ ಬಿತ್ತು. ನನ್ನ ಗಿಡ ಎದ್ದು ಬಂತು. ಎಲೆ ಬಿಟ್ಟಿತು, ಅಂಗೈಯಗಲ ಹಬ್ಬಿತು, ಮತ್ತೆ ಎಲೆ ಬಿಟ್ಟಿತು. ಹೂವಿನ ಸುದ್ದಿಯೇ ಇಲ್ಲ. ಯಾರೂ ಒಂದು ಹನಿ ನೀರು ಹಾಕದ ಆ ಕಲ್ಲುಮಣ್ಣಿನ ಗುಡ್ಡೆ ಮಾತ್ರ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ನನಗೆ ಅನ್ನ ಸೇರಲಿಲ್ಲ.

ನಮ್ಮವರು ಒಂದು ಸಂಜೆ ನನ್ನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಎಲೆ ಚಿವುಟಿ ಮೂಸಿ ನೋಡಿದರು. "ನಾಳೆ ಇದರದ್ದೇ ಹುಳಿ ಮಾಡ್ತೀಯೇನು?" ಎಂದರು.

ದೃಷ್ಟಿ ಗಡಿಗೆ

ಆಕೆಯ ಕಣ್ಣೇ ಬಿದ್ದಿದೆ ಎಂದು ನನಗೆ ಖಾತ್ರಿಯಾಯಿತು. ಒಂದು ಹಳೆಯ ಗಡಿಗೆಗೆ ಮಸಿ ಬಳಿದು, ಸುಣ್ಣದ ಬೊಟ್ಟಿಟ್ಟು, ಹಲ್ಲು ಮೂಡಿಸಿ, ಕೋಲಿನ ಮೇಲೆ ಅವರ ಮನೆಯ ಕಡೆಗೇ ಮುಖ ಮಾಡಿ ನಿಲ್ಲಿಸಿದೆ. ನೋಡಿದವರಿಗೆ ಅರ್ಥವಾಗಲೇಬೇಕು.

ಮಧ್ಯಾಹ್ನ ಆಕೆ ಒಂದು ತಟ್ಟೆ ಚಕ್ಕುಲಿ ಹಿಡಿದು ಬಂದಳು. "ನಮ್ಮ ಗಿಡಕ್ಕ ದೃಷ್ಟಿ ಆಗಬಾರದು ಅಂತ ನೀವು ಎಷ್ಟು ಕಾಳಜಿ ಮಾಡತೀರ್ರಿ. ಒಡಹುಟ್ಟಿದ ಅಕ್ಕನೂ ಮಾಡಂಗಿಲ್ಲ."

ಚಕ್ಕುಲಿ ಚೆನ್ನಾಗಿತ್ತು. ಅದೂ ಒಂದು ಸಂಕಟ.

ಸರ್ಕಾರಿ ಕಳ್ಳ

ಶ್ರಾವಣದಲ್ಲಿ ಆಕೆಯ ಮನೆಯಲ್ಲಿ ಅರಿಶಿನ ಕುಂಕುಮ. ಅಮಲ್ದಾರರ ಹೆಂಡತಿ ಬಂದಿದ್ದರು. ಪಕ್ಕದಾಕೆ ಅಂಚಿನ ಹೂವನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಒಂದು ದಂಡೆ ಅವರ ಕೈಗಿಟ್ಟಳು.

"ಎಷ್ಟು ಮುದ್ದಾಗಿದೆ. ಎಲ್ಲಿ ಸಿಕ್ತು ಇದು?" ಎಂದರು ಅವರು.

ಪಕ್ಕದಾಕೆ ನನ್ನ ಕಡೆ ನೋಡಿ ನಕ್ಕಳು. ನಾನು ಸೆರಗು ಸರಿಮಾಡಿಕೊಂಡೆ. ಇಷ್ಟು ದಿನ ಕಾದದ್ದು ಈ ಗಳಿಗೆಗೇ.

"ಕದ್ದು ತಂದದ್ದರೀ. ಕದ್ದರ ಮಾತ್ರ ಹತ್ತತೈತಿ. ಯಾರ ಮನೀದು ಅಂತ ಹೇಳಿದ್ರ ಗಿಡಕ್ಕ ಆಗಂಗಿಲ್ಲ" ಎಂದಳು ಆಕೆ. ನನ್ನ ಗುಟ್ಟು ಕಾಪಾಡಿದವಳಂತೆ ಮೆಲ್ಲನೆ ನನ್ನ ಮೊಣಕೈ ಚಿವುಟಿದಳು. ಅಮಲ್ದಾರರು ನಮ್ಮವರ ಮೇಲಧಿಕಾರಿ. ಅವರ ಹೆಂಡತಿಯ ಮುಂದೆ ಎದ್ದು ನಿಂತು ಕದ್ದದ್ದು ನನ್ನ ಮನೆಯದು ಎಂದು ಕೂಗಲಾದೀತೇ? ಕೋಸಂಬರಿ ತಿಂದು ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ಅಮಲ್ದಾರರ ಕಚೇರಿಯ ದಫೇದಾರ ನಮ್ಮ ಜಗಲಿಯ ಮೇಲೆ ಬಂದು ಕೂತ. ತಲೆಗೆ ರುಮಾಲು, ಎದೆಗೆ ಹಿತ್ತಾಳೆ ಬಿಲ್ಲೆ.

"ಅಮ್ಮಾವ್ರಿಗೆ ಪೋಸ್ಟ್ ಮಾಸ್ತರ ಮನಿ ಹೂವಿನ ಗಿಡ ಬೇಕಂತ್ರಿ. ಕದ್ಕೊಂಡು ಬಾ ಅಂದಾರ. ಆ ಮನಿಯಾಕಿ ಒಳಗ ಹೋಗೋತನಕ ಇಲ್ಲಿ ಕುಂದರ್ತೀನ್ರಿ."

ನನಗೆ ದೇವರೇ ಬಂದಂತಾಯಿತು. "ದಫೇದಾರರೇ, ಆ ಗಿಡದ ಮೂಲ ನಮ್ಮ ಮನೆ. ಅವರು ಕದ್ದದ್ದು ಇಲ್ಲಿಂದಲೇ. ನಾನು ಬೇಕಾದಷ್ಟು ಕೊಡ್ತೀನಿ, ಶೇಕದಾರರ ಮನೆಯದು ಅಂತ ಅಮ್ಮನವರಿಗೆ ಹೇಳಿ."

"ಕೊಟ್ಟರ ತಗೋಬ್ಯಾಡ ಅಂದಾರ್ರಿ."

"ಹಾಗಾದ್ರೆ ನಾನು ಒಳಗೆ ಹೋಗಿ ಬಾಗಿಲು ಹಾಕ್ಕೋತೀನಿ. ಹಿತ್ತಲಿಗೆ ಹೋಗಿ ಕದ್ಕೊಳ್ಳಿ."

ಅವನು ಒಪ್ಪಿ ಹಿತ್ತಲಿಗೆ ನಡೆದ. ನಾನು ಕದವಿಕ್ಕಿ ಒಳಗೆ ಕೂತೆ. ಅಮಲ್ದಾರರ ಅಂಗಳದಲ್ಲಿ ನನ್ನ ಗಿಡ, ಊರಿನ ಹೆಂಗಸರೆಲ್ಲ ನೋಡುತ್ತಿರುವುದು, ಎಲ್ಲ ಕಣ್ಣ ಮುಂದೆ ಬಂತು. ಆದರೆ ಹಿತ್ತಲಿನಿಂದ ಅಗೆಯುವ ಸದ್ದೇ ಇಲ್ಲ. ತಡೆಯಲಾರದೆ ಕದ ಸರಿಸಿ ನೋಡಿದೆ. ದಫೇದಾರ ಕೈ ಹಿಂದೆ ಕಟ್ಟಿಕೊಂಡು ನನ್ನ ಗಿಡವನ್ನೇ ನೋಡುತ್ತ ನಿಂತಿದ್ದ.

"ಯಾಕೆ, ಇನ್ನೂ ಕದೀಲಿಲ್ವಾ?"

ಅವನು ಬಹಳ ಸಂಕೋಚದಿಂದ ರುಮಾಲು ಸರಿಪಡಿಸಿಕೊಂಡ.

"ತಪ್ಪು ತಿಳಿಬ್ಯಾಡ್ರಿ ಅಕ್ಕಾರ. ಜೀವಮಾನದಾಗ ಮೊದಲನೇ ಸಲ ಕದಿಯಾಕ ಹೊಂಟೀನಿ. ಕದಿಯೋಂಥಾದ್ದು ಏನಾರ ಇದ್ದ ಮನಿಯಾಗ ಕದೀತೀನ್ರಿ."