ಲೋಕವನ್ನು ಬಾಗಿಲಲ್ಲೇ ತಡೆದ ಮಾಮ

ಲೋಕ ಎನ್ನುವುದು ಯಾವ ಬಾಗಿಲಿನಿಂದ, ಯಾವ ವೇಷ ಹಾಕಿಕೊಂಡು ಚರ್ಚಿನೊಳಗೆ ನುಗ್ಗುತ್ತದೆ ಎಂಬುದು ಇಡೀ ಶಹಾಪುರ ತಾಲೂಕಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆತ ನನ್ನ ಸೋದರಮಾವ! ಲೋಕ ಅಂದರೆ ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆಯ ಲೋಕವಲ್ಲ. ನಮ್ಮ ಕ್ರೈಸ್ತರ ಮಾತಿನಲ್ಲಿ ದೇವರಿಗೆ ಸೇರದ್ದೆಲ್ಲ ಲೋಕವೇ. ಸಿನೆಮಾ ಲೋಕ, ಕುಂಕುಮ ಲೋಕ, ಜಂಬ ಲೋಕ. ಮಾಮನ ಪಟ್ಟಿಯಲ್ಲಿ ಇವುಗಳ ಜೊತೆಗೆ ಮಿಣುಕುವ ದೀಪದ ನಕ್ಷತ್ರ, ಪ್ಲಾಸ್ಟಿಕ್ ಹೂವು, ಅತ್ತರು ಹಾಕಿಕೊಂಡ ಪಾದ್ರಿ, ತಮಟೆ ಬಡಿಯುವ ತೆಲುಗು ಕ್ಯಾಂಪಿನ ಜನ ಇವರೂ ಇದ್ದರು. ಬೆಳೆಯುತ್ತ ಬೆಳೆಯುತ್ತ ಆ ಪಟ್ಟಿಗೆ ಒಂದು ದಿನ ಕೃಷ್ಣಾ ಕಾಲುವೆಯೂ ಸೇರಿತು. ಕಾಲುವೆ ಹೇಗೆ ಸೇರಿತು ಅಂತೀರಾ? ಹೇಳುತ್ತೇನೆ, ಅವಸರ ಬೇಡ.

ಮಾಮ ನಿವೃತ್ತ ಶಾಲಾ ಮಾಸ್ತರ. ಶಹಾಪುರದ ಅಂಚಿನ ಕ್ರೈಸ್ತರ ಓಣಿಯಲ್ಲಿ ಮನೆ, ಮನೆಯ ಹಿಂದೆ ಬಾವಿ, ಎದುರಿಗೆ ಹಂಚಿನ ಸಣ್ಣ ಚರ್ಚು. ಆ ಚರ್ಚಿನ ಸಭೆಗೆ, ಅಂದರೆ ಅಲ್ಲಿ ಸೇರುವ ಜನಕ್ಕೆ, ಮಾಮನೇ ಹಿರಿಯ. ಸದಸ್ಯರ ಹೆಸರಿದ್ದ ರಿಜಿಸ್ಟರ್ ಅವನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿ ಅವನ ಉಡಿದಾರದಲ್ಲಿ. ಪಾದ್ರಿ ತಿಂಗಳಿಗೊಮ್ಮೆ ಯಾದಗಿರಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಹಾಗಾಗಿ ಉಳಿದ ದಿನಗಳಲ್ಲಿ ದೇವರು ಮತ್ತು ಮಾಮ ಇಬ್ಬರೇ ಸೇರಿ ಸಭೆಯನ್ನು ನೋಡಿಕೊಳ್ಳುತ್ತಿದ್ದರು. ದೇವರ ಮೇಲೆ ಮಾಮನಿಗೆ ಪೂರ್ತಿ ನಂಬಿಕೆ ಇತ್ತು. ಉಳಿದವರ ಮೇಲೆ ಇರಲಿಲ್ಲ.

ಇನ್ನು ನನ್ನ ಅಮ್ಮ. ಅವಳು ಮಾಮನ ಒಬ್ಬಳೇ ತಂಗಿ. ಕಾಲುವೆ ತೋಡುವ ಕಾಲಕ್ಕೆ ಆ ಇಲಾಖೆಯಲ್ಲಿ ಗುಮಾಸ್ತನಾಗಿ ಬಂದ ನನ್ನ ಅಪ್ಪನನ್ನು ಮೆಚ್ಚಿ, ಸರಕಾರಿ ನೋಂದಣಿ ಕಚೇರಿಯಲ್ಲಿ ಮದುವೆಯಾದಳು. ಅಪ್ಪ ಹಿಂದೂ. ಸಭೆಯ ಕಾಯ್ದೆ ಪ್ರಕಾರ ಮಾಮ ತನ್ನ ಕೈಯಾರೆ, ಕೆಂಪು ಶಾಯಿಯಿಂದ, ತಂಗಿಯ ಹೆಸರಿನ ಮೇಲೆ ಗೆರೆ ಎಳೆದ. ಅಂದಿನಿಂದ ಕರ್ತನ ಭೋಜನದಲ್ಲಿ ಅವಳಿಗೆ ಪಾಲಿಲ್ಲ. ತಿಂಗಳ ಮೊದಲ ಭಾನುವಾರ ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿಯ ಚೂರನ್ನೂ ಸಣ್ಣ ಬಟ್ಟಲಿನ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವಾಗ, ಅಮ್ಮ ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದಳು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಇನ್ನೊಮ್ಮೆ ಅಲ್ಲಿ ಹೋಗಿ ಮೊಣಕಾಲೂರಬೇಕು ಎಂಬುದೊಂದೇ.

ಹೊರಗೆ ಹಾಕಿದ ಮೇಲೆ ಸುಮ್ಮನಿರಬೇಕಲ್ಲವೇ? ಮಾಮ ಸುಮ್ಮನಿರುವ ಪೈಕಿ ಅಲ್ಲ. ಪ್ರತಿ ಶನಿವಾರ ಸೈಕಲ್ ತುಳಿದುಕೊಂಡು, ಸುರಪುರದ ರಸ್ತೆಯಲ್ಲಿದ್ದ ನಮ್ಮ ಕಾಲುವೆ ಕಾಲೊನಿಗೆ ಬರುತ್ತಿದ್ದ. ಲೋಕ ತಂಗಿಯನ್ನು ಎಷ್ಟರಮಟ್ಟಿಗೆ ನುಂಗಿದೆ ಎಂದು ತಪಾಸಣೆ! ಬಾಗಿಲಲ್ಲಿ ನಿಂತು ಮೊದಲು ಮೂಗಿನಿಂದ ಒಂದು ಸುತ್ತು ಹುಡುಕುತ್ತಿದ್ದ. ಆಮೇಲೆ ನನ್ನ ಗದ್ದ ಹಿಡಿದು ಹಣೆಯನ್ನು ಬೆಳಕಿಗೆ ತಿರುಗಿಸಿ, ಕುಂಕುಮದ ಕಲೆ ಇದೆಯೇ ನೋಡುತ್ತಿದ್ದ. ಒಮ್ಮೆ ಶಾಲೆಯ ಕೆಂಪು ಶಾಯಿ ಹತ್ತಿಕೊಂಡಿತ್ತು. ಶಾಯಿ ಎಂದು ನಾನು ಆಣೆ ಮಾಡಿ ಹೇಳಹೋದೆ. ಆಣೆ ಮಾಡುವುದು ಇನ್ನೂ ದೊಡ್ಡ ಪಾಪ ಎಂದು ಎರಡು ತಪ್ಪಿಗೆ ಸೇರಿಸಿ ಒಂದೇ ಪ್ರಾರ್ಥನೆ ಮಾಡಿಸಿದ.

ಅಪ್ಪನ ದೇವರ ಜಗಲಿ ಅಡುಗೆಮನೆಯ ಮೂಲೆಯಲ್ಲಿತ್ತು. ಮಾಮ ಅದಕ್ಕೆ ಬೆನ್ನು ಮಾಡಿ ಊಟಕ್ಕೆ ಕೂಡುತ್ತಿದ್ದ. ಹೋಳಿಗೆ ಬಡಿಸಿದರೆ ಕೈ ಹಾಕುವ ಮುಂಚೆ ವಿಚಾರಣೆ ಇದ್ದದ್ದೇ. ದೇವರಿಗೆ ಎಡೆ ಹಿಡಿಯುವ ಮೊದಲು ತೆಗೆದದ್ದೋ, ಹಿಡಿದ ಮೇಲಿನದೋ? ಮೊದಲೇ ತೆಗೆದಿಟ್ಟದ್ದು ಎಂದು ಅಮ್ಮ ಹೇಳಿದರೆ, ಯಾವ ಪಾತ್ರೆಯಲ್ಲಿ? ಮುಚ್ಚಿತ್ತೋ, ತೆರೆದಿತ್ತೋ? ಇಷ್ಟೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಹೋಳಿಗೆ ಆರಿರುತ್ತಿತ್ತು. ಆದರೂ ನಾಲ್ಕಕ್ಕೆ ಕಡಿಮೆ ತಿಂದದ್ದನ್ನು ನಾನಂತೂ ನೋಡಿಲ್ಲ.

ಚರ್ಚಿನ ಹುಡುಗರು ಕ್ರಿಸ್‌ಮಸ್ಸಿಗೆ ಹೊಸ ಕೀರ್ತನೆ ಹಾಡುತ್ತೇವೆ ಎಂದಾಗ ಮಾಮನಿಗೆ ಬಲವಾದ ಸಂಶಯ ಬಂತು. ಮಾತು ದೇವರದ್ದೇ, ಧಾಟಿ ಯಾರದ್ದು? ಸಿನೆಮಾದ್ದಿರಬಹುದು! ಆದರೆ ಸಿನೆಮಾ ಹಾಡು ಕೇಳದೆ ಅದನ್ನು ಹಿಡಿಯುವುದು ಹೇಗೆ? ಸಭೆಯ ಪವಿತ್ರತೆಗಾಗಿ ಮಾಮ ತನ್ನನ್ನೇ ಬಲಿಕೊಟ್ಟುಕೊಂಡ. ಒಂದು ತಿಂಗಳ ಕಾಲ ಬಸ್ ಸ್ಟ್ಯಾಂಡ್ ಎದುರಿನ ಚಹಾದ ಹೋಟೆಲಿನಲ್ಲಿ, ರೇಡಿಯೋದ ಪಕ್ಕದ ಮೇಜಿನಲ್ಲಿ, ನೋಟ್‌ಬುಕ್ ಹಿಡಿದು ಕೂತ. ಕನ್ನಡ, ಹಿಂದಿ, ತೆಲುಗು ಯಾವುದನ್ನೂ ಬಿಡಲಿಲ್ಲ. ಕೊನೆಗೆ ಹುಡುಗರ ಕೀರ್ತನೆ ನಿರ್ದೋಷಿ ಎಂದು ತೀರ್ಪು ಬಂತು. ಆದರೆ ಮುಂದಿನ ಶನಿವಾರ ನಮ್ಮ ಬಚ್ಚಲುಮನೆಯಲ್ಲಿ ಕಾಲು ತೊಳೆಯುತ್ತ ಮಾಮ ಗುನುಗುತ್ತಿದ್ದದ್ದು ಯಾವ ಕೀರ್ತನೆಯೂ ಅಲ್ಲ! ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಈಗ ಕಾಲುವೆಗೆ ಬರೋಣ. ನಮ್ಮ ಕಡೆಗೆ ಮೊದಲ ಸಲ ನೀರು ಬಿಟ್ಟ ದಿನ ದೊಡ್ಡ ಸಮಾರಂಭ. ದೊಡ್ಡ ಅಧಿಕಾರಿಗಳು ಬಂದು ನೀರಿಗೆ ಅರಿಷಿಣ ಕುಂಕುಮ ಹಾಕಿ, ತೆಂಗಿನಕಾಯಿ ಒಡೆದು, ಸೀರೆ ಬಳೆ ಇಟ್ಟ ಮೊರದ ಬಾಗಿನ ಬಿಟ್ಟರು. ಆರತಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದವನು ನನ್ನ ಅಪ್ಪ. ಎದುರು ದಂಡೆಯ ಮೇಲೆ, ಕೊಡೆ ಬಿಚ್ಚಿಕೊಂಡು, ಎಲ್ಲವನ್ನೂ ಕಣ್ಣಾರೆ ನೋಡುತ್ತ ನಿಂತಿದ್ದವನು ನನ್ನ ಮಾಮ. ಕುಂಕುಮ ನೀರಿನಲ್ಲಿ ಕರಗಿ ಹರಿದುಹೋಯಿತು. ಹರಿದು ಎಲ್ಲಿಗೆ ಹೋಯಿತು? ಎಲ್ಲರ ಹೊಲಕ್ಕೆ. ಹೊಲದಿಂದ? ಭತ್ತಕ್ಕೆ. ಭತ್ತದಿಂದ? ಅಲ್ಲಿಗೆ ಮಾಮನ ಲೆಕ್ಕ ಮುಗಿಯಿತು. ಕಾಲುವೆ ನೀರಿನಲ್ಲಿ ಬೆಳೆದದ್ದೆಲ್ಲ ಬೇರೆ ದೇವರಿಗೆ ಅರ್ಪಿಸಿದ್ದು, ಅದನ್ನು ತಾನು ಮುಟ್ಟುವುದಿಲ್ಲ!

ಆ ವರ್ಷ ಚರ್ಚಿನ ಬೆಳೆಹಬ್ಬ ಬಂತು. ಜನ ತಾವು ಬೆಳೆದದ್ದರಲ್ಲಿ ಮೊದಲ ಪಾಲನ್ನು ತಂದು ದೇವರ ಮುಂದೆ ಇಡುವ ಹಬ್ಬ ಅದು. ಮಾಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ತಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದ. ಮಳೆ ನೀರೋ, ಕಾಲುವೆ ನೀರೋ? ಮಳೆಯ ಜೋಳ, ಮಳೆಯ ತೊಗರಿ ಒಳಗೆ ಹೋದವು. ಕಾಲುವೆಯ ಭತ್ತ ಜಗಲಿಯ ಮೇಲೇ ಉಳಿಯಿತು. ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಹಾಕಿದ್ದ ತೆಲುಗು ಕ್ರೈಸ್ತರು ಪಾಪ, ಚೀಲಗಟ್ಟಲೆ ಅಕ್ಕಿ ತಂದು ಬಿಸಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಓಣಿಯ ಒಬ್ಬ ಮುದುಕಿ ಕೋಳಿಯೊಂದನ್ನು ಕಂಕುಳಲ್ಲಿ ಹಿಡಿದು ಬಂದಳು. ಮಾಮ ಬಾಯಿ ತೆರೆಯುವ ಮೊದಲೇ ಕೋಳಿಯನ್ನು ಅವನ ತೊಡೆಯ ಮೇಲೆ ಇಟ್ಟು, “ಇದು ಯಾವ ನೀರು ಕುಡದದ ನನಗ ಗೊತ್ತಿಲ್ರಿ ಮಾಸ್ತರ. ನೀವ ಕೇಳ್ರಿ” ಅಂದಳು.

ಕೋಳಿ ಮಾಮನ ಪಂಚೆಯ ಮೇಲೆಯೇ ತನ್ನ ಉತ್ತರ ಕೊಟ್ಟಿತು. ಮಾಮ ಪಂಚೆ ಬದಲಿಸಲು ಮನೆಗೆ ಹೋಗಿ ಬರುವಷ್ಟರಲ್ಲಿ ಭತ್ತ, ಅಕ್ಕಿ, ಕ್ಯಾಂಪಿನವರು ಎಲ್ಲರೂ ಒಳಗಿದ್ದರು.

ಇದಾದ ಎರಡನೆಯ ಬೇಸಿಗೆಯಲ್ಲಿ ಮಾಮನ ಬಾವಿಯಲ್ಲಿ ಪವಾಡ ನಡೆಯಿತು. ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ತಳ ಕಾಣುತ್ತಿದ್ದ ಬಾವಿ, ಆ ವರ್ಷ ಕೈಯಲ್ಲೇ ಮೊಗೆಯುವಷ್ಟು ತುಂಬಿತು. ಮಾಮ ಚರ್ಚಿನಲ್ಲಿ ಎದ್ದು ನಿಂತು ದೇವರ ಉಪಕಾರಕ್ಕೆ ಸಾಕ್ಷಿ ಹೇಳಿದ. ಲೋಕದ ನೀರನ್ನು ಬೇಡ ಎಂದವನಿಗೆ ದೇವರು ತನ್ನ ನೀರನ್ನೇ ಕೊಟ್ಟ! ಹೆಂಗಸರು ಕಣ್ಣೊರೆಸಿಕೊಂಡರು. ಶನಿವಾರ ನಮ್ಮ ಮನೆಯಲ್ಲೂ ಅದೇ ಸಾಕ್ಷಿ ನಡೆಯಿತು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

“ಮಾಸ್ತರ, ನಿಮ್ಮ ಬಾವಿ ಮ್ಯಾಲಿನ ಹೊಲದಾಗ ನಮ್ಮ ಕಾಲುವಿ ಹೋಗ್ಯಾದ. ಅದು ಸೋರಾಕತ್ತದ್ರಿ. ರಿಪೇರಿಗಿ ನಾನ ಪತ್ರ ಬರದೀನಿ.”

ಮಾಮ ಮೂರು ದಿನ ಬಾವಿಯ ಕಟ್ಟೆಯ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತನಂತೆ. ಕುಡಿಯಲು ನಾಲ್ಕು ಓಣಿ ಆಚೆಯಿಂದ ನೀರು ಹೊತ್ತು ತಂದನಂತೆ. ನಾಲ್ಕನೆಯ ದಿನ ಸೊಂಟ ಹಿಡಿದುಕೊಂಡಾಗ ದಾರಿ ಹೊಳೆಯಿತು. ಅಷ್ಟು ದೂರದ ಗರಸು ಮಣ್ಣಿನಲ್ಲಿ ಸೋಸಿ ಬರುವ ನೀರಿನಲ್ಲಿ ಕುಂಕುಮ ಉಳಿಯಲು ಸಾಧ್ಯವೇ ಇಲ್ಲ! ಲೋಕ ಹೊಲದಲ್ಲೇ ಉಳಿಯಿತು, ಬಾವಿಗೆ ಬಂದದ್ದು ಬರೀ ನೀರು. ಈ ತೀರ್ಮಾನವನ್ನು ಅವನು ಅಪ್ಪನಿಗೆ ತಿಳಿಸಿದಾಗ ಅಪ್ಪ ನಗಲಿಲ್ಲ. ರಿಪೇರಿಯ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡದ್ದು ಮಾತ್ರ ನನಗೆ ಗೊತ್ತು.

ಇಷ್ಟೆಲ್ಲ ಸೋಸುವವನಿಗೆ ತಂಗಿಯೊಬ್ಬಳನ್ನು ಸೋಸಿ ಒಳಗೆ ಬಿಟ್ಟುಕೊಳ್ಳಲು ಆಗಲಿಲ್ಲ ನೋಡಿ! ಅಲ್ಲೇ ನನಗೆ ಸಿಟ್ಟು. ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬದ ಮುಂಚೆ, ಅಮ್ಮ ಚಹಾದ ಲೋಟ ಮುಂದಿಟ್ಟು ಅದೇ ಮಾತು ಕೇಳುತ್ತಿದ್ದಳು. ಈ ಸಲವಾದರೂ ಭೋಜನಕ್ಕೆ ಬರಲೇ? ಮಾಮ ಅದೇ ಉತ್ತರ ಕೊಡುತ್ತಿದ್ದ. ಕಾಯ್ದೆ ಏನಿದೆಯೋ ಅದೇ. ಆ ಮದುವೆ ತಪ್ಪಾಯಿತು ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು.

“ನನಗ ಹಂಗ ಅನಿಸಿಲ್ಲಣ್ಣ,” ಅಮ್ಮ ಮೆಲ್ಲಗೆ ಅನ್ನುತ್ತಿದ್ದಳು. “ಅನಿಸದಿದ್ದದ್ದು ಬರದು ದೇವರ ಮುಂದ ಹ್ಯಾಂಗ ಕೂಡ್ಲಿ?”

ಒಮ್ಮೆ ಅಪ್ಪ ಒಳಗಿನಿಂದಲೇ, ಬೇಕಿದ್ದರೆ ತಪ್ಪಾಯಿತು ಎಂದು ತಾನೇ ಬರೆದುಕೊಡುತ್ತೇನೆ ಎಂದ. ಸಭೆಗೆ ಸೇರದವರ ತಪ್ಪು ನಮ್ಮ ರಿಜಿಸ್ಟರಿನಲ್ಲಿ ಹಿಡಿಸುವುದಿಲ್ಲ ಎಂದು ಮಾಮ ಉತ್ತರ ಕೊಟ್ಟ. ಮೂವರೂ ನಕ್ಕರು. ನಾನು ನಗಲಿಲ್ಲ. ಅಮ್ಮ ಲೋಟ ತೊಳೆಯುವ ನೆವದಲ್ಲಿ ಎಷ್ಟು ಹೊತ್ತು ಬಚ್ಚಲಲ್ಲಿ ನಿಂತಿದ್ದಳೆಂದು ನೋಡಿದವಳು ನಾನು. ಈ ಮನುಷ್ಯ ಶನಿವಾರ ಬರುವುದು ಹೋಳಿಗೆ ತಿನ್ನಲಿಕ್ಕೋ, ತಂಗಿಯನ್ನು ಅಳಿಸಲಿಕ್ಕೋ ಎಂದು ನನಗೂ ಸಂಶಯ ಶುರುವಾಯಿತು. ಸಂಶಯ ನಮ್ಮ ವಂಶದ್ದೇ ಇರಬೇಕು.

ಅಮ್ಮ ಕೊನೆಯ ಬೆಂಚಿಗೆ ಸರಿದು ಇಪ್ಪತ್ತೊಂದು ವರ್ಷವಾದಾಗ ಯಾದಗಿರಿಗೆ ಹೊಸ ಪಾದ್ರಿ ಬಂದರು. ಚಿಕ್ಕ ವಯಸ್ಸು, ಇಸ್ತ್ರಿಯ ಅಂಗಿ, ಕೈಯಲ್ಲಿ ಹೊಳೆಯುವ ಗಡಿಯಾರ. ಮಾಮ ಆ ಗಡಿಯಾರವನ್ನು ನೋಡಿದ ರೀತಿಯಲ್ಲೇ ಅವರ ಹಣೆಬರಹ ಗೊತ್ತಾಯಿತು! ಮೊದಲ ಭಾನುವಾರವೇ ಅವರು ಒಂದು ಬದಲಾವಣೆ ಮಾಡಿದರು. ಅಲ್ಲಿಯವರೆಗಿನ ಪದ್ಧತಿ ಹೀಗಿತ್ತು: ಸಭೆಯವರೆಲ್ಲ ಮುಗಿಸುವವರೆಗೆ ಮಾಮ ಬಟ್ಟಲುಗಳ ತಟ್ಟೆ ಹಿಡಿದು ನಿಲ್ಲುವುದು, ಕಡೆಗೆ ತನ್ನ ಪಾಲನ್ನು ಹಿಂದಿನ ಕೋಣೆಗೆ ಒಯ್ಯುವುದು. ಅಲ್ಲಿ ಒಬ್ಬನೇ ತೆಗೆದುಕೊಳ್ಳುತ್ತಾನೆ ಎಂದೇ ನಾವೆಲ್ಲ ತಿಳಿದಿದ್ದೆವು. ಹೊಸ ಪಾದ್ರಿ ಹಾಗೆ ಬೇಡವೆಂದರು. ಸಭೆಯ ಹಿರಿಯರೇ ಎಲ್ಲರೆದುರು ಮೊದಲು ತೆಗೆದುಕೊಳ್ಳಲಿ ಎಂದು ರೊಟ್ಟಿಯ ಚೂರನ್ನು ಮಾಮನ ಮುಂದೆ ಚಾಚಿದರು.

ಮಾಮ ಕೈ ಚಾಚಲಿಲ್ಲ.

ಪಾದ್ರಿ ಇನ್ನೊಮ್ಮೆ ಕರೆದರು. ಮಾಮ ತಲೆ ಅಲ್ಲಾಡಿಸಿದ. ಸಭೆಯಲ್ಲಿ ಪಿಸುಮಾತು ಎದ್ದಿತು. ಎಲ್ಲರ ಹಣೆ, ಎಲ್ಲರ ಹಾಡು, ಎಲ್ಲರ ಅಕ್ಕಿ ತಪಾಸಣೆ ಮಾಡಿದ ಮನುಷ್ಯ! ಇವನೇ ಏನು ಮುಚ್ಚಿಟ್ಟಿದ್ದಾನೆ? ನಿಜ ಹೇಳುತ್ತೇನೆ, ಒಂದು ಕ್ಷಣ ನನಗೆ ಖುಷಿಯೇ ಆಯಿತು. ಸಿಕ್ಕಿಬಿದ್ದ ಎಂದುಕೊಂಡೆ. ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಪಾದ್ರಿ ಕೇಳಿದರು. ಮಾಮ ತಟ್ಟೆಯನ್ನು ಕೆಳಗಿಟ್ಟು, ಹಿಂದಿನ ಕೋಣೆಗೆ ಹೋಗಿ, ಪೆಟ್ಟಿಗೆ ತೆಗೆದು, ರಿಜಿಸ್ಟರನ್ನು ತಂದು ಅವರ ಕೈಯಲ್ಲಿ ಇಟ್ಟ. ಇಪ್ಪತ್ತೊಂದು ವರ್ಷದ ಹಿಂದಿನ ಹಾಳೆಯನ್ನು ತಾನೇ ತಿರುವಿ ತೋರಿಸಿದ.

“ನಾ ಸಭೆಯಾಗ ಇಲ್ರಿ,” ಅಂದ. “ಆಕಿ ಹೆಸರು ಹೊಡದ ದಿನಾನ ನನ್ನ ಹೆಸರೂ ಹೊಡದೀನಿ. ಕಾಯ್ದೆ ಕಾಯ್ದೇನ. ಆದ್ರ ತಂಗಿನ್ನ ಹೊರಗ ಕುಂದ್ರಿಸಿ ಒಬ್ನ ಉಣ್ಣಾಕ ನನಗ ಆಗಲಿಲ್ಲ.”

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬೆಂಚು ಬಿಟ್ಟು ಎದ್ದು ನಡುದಾರಿಯಲ್ಲಿ ಮುಂದೆ ಹೋಗುತ್ತಿದ್ದಳು. ಯಾರೂ ತಡೆಯಲಿಲ್ಲ. ತಡೆಯಬೇಕಾದವನೇ ಅಲ್ಲಿ ತಲೆ ತಗ್ಗಿಸಿ ನಿಂತಿದ್ದ. ಪಾದ್ರಿ ಹಾಳೆಯನ್ನು ನೋಡಿದರು, ಇಬ್ಬರನ್ನೂ ನೋಡಿದರು. ರಿಜಿಸ್ಟರನ್ನು ಮುಚ್ಚಿ ಬದಿಗಿಟ್ಟು, ರೊಟ್ಟಿಯ ಆ ಚೂರನ್ನು ಮಾಮನ ಅಂಗೈ ಮೇಲೆ ಇಟ್ಟರು. ಮಾಮ ಅದನ್ನು ಎರಡು ಮಾಡಿದ. ಮೊದಲ ಚೂರನ್ನು, ಚಿಕ್ಕ ಕೂಸಿಗೆ ತುತ್ತು ಕೊಡುವಂತೆ, ತಂಗಿಯ ಬಾಯಿಗೆ ಇಟ್ಟ. ಇನ್ನೊಂದನ್ನು ತಾನು ತಿಂದ. ಅವನನ್ನು ಅಷ್ಟು ವರ್ಷ ಆಡಿಕೊಂಡು ನಕ್ಕ ನನಗೆ ತಲೆ ಎತ್ತಲು ನಾಚಿಕೆಯಾಯಿತು.

ಆರಾಧನೆ ಮುಗಿದ ಮೇಲೆ ಇಬ್ಬರೂ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದರು. ಅಮ್ಮ ಅಳುತ್ತಲೇ ಅವನನ್ನು ಬೈಯುತ್ತಿದ್ದಳು.

“ಇಷ್ಟು ವರ್ಷ ನೀನೂ ಉಪಾಸ ಇದ್ದೆಲ್ಲ. ನನಗ ಒಂದು ಮಾತು ಹೇಳಬಾರದಾಗಿತ್ತೇನಣ್ಣ?”

ಮಾಮ ಅವಳ ತಲೆಯ ಮೇಲೆ ಕೈ ಇಟ್ಟು ಹೇಳಿದ:

“ಹೇಳಿದ್ರ ನನ್ನ ಸಲುವಾಗಿ ನೀ ತಪ್ಪಾಯ್ತು ಅಂತ ಬರದುಕೊಟ್ಟುಬಿಡ್ತಿದ್ದಿ. ಅದು ಸುಳ್ಳು ಅಂತ ನನಗ ಗೊತ್ತಿತ್ತವ್ವ.”